ಒಳಜೇಬು

ಫೆಬ್ರವರಿ 24, ಸೋಮವಾರ. ಬೆಳಗ್ಗೆ 11:20. ಮೋಡ 2/8

ಪಾಸಾದೆ, ಪಾಸಾದೆ, ಪಾಸಾದೆ — ಹವಾಮಾನ ಕಚೇರಿಯ ಪಟ್ಟಿಯಲ್ಲಿ ನನ್ನ ನಂಬರಿದೆ, ಇಪ್ಪತ್ತು ಜನರಲ್ಲಿ ಹದಿನಾಲ್ಕನೆಯದು!

ಮೆಷಿನ್‌ನಿಂದ ಬಟ್ಟೆ ತೆಗೆಯುತ್ತಿದ್ದೆ. ಒಂದು ಕೈಯಲ್ಲಿ ಒದ್ದೆ ಬೆಡ್‌ಶೀಟು, ಇನ್ನೊಂದರಲ್ಲಿ ಫೋನು. ವೆಬ್‌ಸೈಟ್ ಮೂರು ಸಲ ಹ್ಯಾಂಗ್ ಆಯಿತು. ನಾಲ್ಕನೆಯ ಸಲ ತೆರೆದುಕೊಂಡಿತು. ಬೆಡ್‌ಶೀಟು ನೆಲಕ್ಕೆ ಬಿತ್ತು. ಮತ್ತೆ ಒಗೆಯಬೇಕು. ಒಗೆಯುತ್ತೇನೆ, ಹತ್ತು ಸಲ ಬೇಕಾದರೂ ಒಗೆಯುತ್ತೇನೆ.

ಎರಡು ಸಾವಿರದ ಮುನ್ನೂರು ಜನ ಬರೆದಿದ್ದರು. ಇಂಟರ್‌ವ್ಯೂನಲ್ಲಿ ಆ ದಪ್ಪ ಕನ್ನಡಕದವರು ಕಿಟಕಿ ತೋರಿಸಿ, "ಆಕಾಶ ಎಂಟು ಭಾಗ ಅಂದ್ಕೊಳ್ಳಿ. ಎಷ್ಟು ಭಾಗ ಮೋಡ?" ಎಂದಿದ್ದರು. ಐದು ಎಂದೆ. "ಆರು ಇರಬಹುದಲ್ವಾ?" ಎಂದರು. ಇಲ್ಲ ಸರ್, ಐದೇ ಎಂದೆ. ಆಮೇಲೆ ಬಸ್‌ಸ್ಟಾಪಿನವರೆಗೂ ಬೈದುಕೊಂಡಿದ್ದೆ — ದೊಡ್ಡವರ ಎದುರು ಅಷ್ಟು ಹಟ ಬೇಕಿತ್ತಾ ನಿನಗೆ ಎಂದು. ಬೇಕಿತ್ತು ಅಂತ ಈಗ ಗೊತ್ತಾಯಿತು. ಅವತ್ತಿನಿಂದ ಈ ಡೈರಿಯ ತಲೆಯ ಮೇಲೆ ದಿನಾ ಮೋಡದ ಲೆಕ್ಕ. ಇನ್ನು ಮೇಲೆ ಅದೇ ನನ್ನ ಕೆಲಸ… ಸಂಬಳ ಕೊಟ್ಟು ಆಕಾಶ ನೋಡಿಸುತ್ತಾರೆ ನನ್ನ ಕೈಯಲ್ಲಿ!

ಗಂಡನ ಕನ್ನಡಕದ ಅಂಗಡಿಗೆ ಫೋನ್ ಮಾಡಿದೆ. ಸಾಹೇಬರು ಯಾರದೋ ಲೆನ್ಸ್ ಉಜ್ಜುತ್ತಿದ್ದರು. ವಿಷಯ ಹೇಳಿದೆ. ಉಜ್ಜುವ ಸದ್ದು ನಿಂತಿತು. ಖುಷಿಗೆ ನಂಬಲೂ ಆಗಲಿಲ್ಲವೇನೋ ಪಾಪ. ಆಮೇಲೆ, "ನಿಜವಾಗ್ಲೂ?" ಎಂದರು. ಎರಡು ಸಲ.

ಹನ್ನೆರಡಕ್ಕೆ ಟ್ಯೂಷನ್ ಸೆಂಟರು. ಇವತ್ತು ಮಕ್ಕಳಿಗೆ ತ್ರಿಕೋನವೂ ಇಲ್ಲ, ಗಿಕೋನವೂ ಇಲ್ಲ.

ಅದೇ ದಿನ, ರಾತ್ರಿ 8:00

ಅತ್ತೆ ಹೊಲಿಗೆ ಶಾಲೆಯಿಂದ ಬಂದವರೇ ನನ್ನ ಕೆನ್ನೆ ಹಿಂಡಿದರು. "ಗಾಳಿ ಮಳೆ ಎಲ್ಲಾ ಇನ್ಮೇಲೆ ನನ್ನ ಸೊಸೆ ಹೇಳಿದ ಹಾಗೆ ಕೇಳಬೇಕು" ಎಂದರು. ಮದುವೆಯಾಗಿ ನಾಲ್ಕು ತಿಂಗಳು, ಇನ್ನೂ ನನ್ನನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದಾರೆ. ಗೆಳತಿಯರು ಅತ್ತೆ ಪುರಾಣ ಶುರು ಮಾಡಿದರೆ ನನಗೆ ಸೇರಿಸಲು ಒಂದು ಸಾಲೂ ಇರುವುದಿಲ್ಲ.

ಒಂಬತ್ತು ತಿಂಗಳು ಟ್ರೇನಿಂಗ್, ಬೇರೆ ಊರಿನಲ್ಲಿ, ಹಾಸ್ಟೆಲ್. ಸಾಹೇಬರು ಮೊದಲೇ ಹೇಳಿಬಿಟ್ಟಿದ್ದರು: "ನೀನು ಹೋಗು. ಪ್ರತಿ ಶನಿವಾರ ನಾನು ರೈಲು ಹತ್ತಿ ಬರ್ತೀನಿ." ಅಪ್ಲಿಕೇಶನ್ ತುಂಬಿದ್ದೂ ಅವರೇ, ಆ ಮುತ್ತಿನಂಥ ಅಕ್ಷರದಲ್ಲಿ. ಅಂಗಡಿಯ ವಿಳಾಸ ಕೊಡುವ ಐಡಿಯಾ ಕೂಡ ಅವರದೇ — ಹಗಲು ಮನೆಗೆ ಬೀಗ, ರಿಜಿಸ್ಟರ್ ಪೋಸ್ಟ್ ಬಂದರೆ ವಾಪಸ್ ಹೋಗುತ್ತದೆ ಎಂದು. ಎಷ್ಟು ದೂರ ಯೋಚನೆ ಮಾಡುತ್ತಾರೆ ನೋಡು. ಎರಡು ಮೂರು ವಾರದಲ್ಲಿ ಆರ್ಡರ್ ಬರುತ್ತದಂತೆ. ಯಾವತ್ತು, ಎಲ್ಲಿಗೆ ಹಾಜರಾಗಬೇಕು ಎಲ್ಲ ಅದರಲ್ಲೇ ಇರುತ್ತದೆ.

ನೆಲಕ್ಕೆ ಕಾಲು ತಾಗುತ್ತಿಲ್ಲ.

ಫೆಬ್ರವರಿ 27, ಗುರುವಾರ. ಮೋಡ 0/8 (ಬೋರು)

ಈ ಮನೆಯ ಕಾನೂನುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಜೇಬಿನ ಡಬ್ಬಿ. ಮೆಷಿನ್‌ಗೆ ಬಟ್ಟೆ ಹಾಕುವ ಮುಂಚೆ ಎಲ್ಲರ ಜೇಬೂ ತಡಕಬೇಕು. ಸಿಕ್ಕಿದ್ದೆಲ್ಲ ಮೆಷಿನ್ ಮೇಲಿನ ಸ್ಟೀಲ್ ಡಬ್ಬಿಗೆ. ಇವತ್ತಿನ ಬೇಟೆ: ಅತ್ತೆಯ ಎರಡು ಗುಂಡುಪಿನ್ನು, ಒಂದು ಚೂರು ಸೀಮೆಸುಣ್ಣ, ನನ್ನದೇ ಬಸ್ ಟಿಕೆಟ್ಟು.

ಒಂದೇ ಒಂದು ಜೇಬಿಗೆ ವಿನಾಯಿತಿ. ಸಾಹೇಬರ ಬಿಳಿ ಕೋಟಿನ ಒಳಜೇಬು. ಅತ್ತೆಯೇ ಹೊಲಿದುಕೊಟ್ಟದ್ದು, ಗುಂಡಿ ಸಮೇತ. ಕನ್ನಡಕದ ಸ್ಕ್ರೂ ಇಟ್ಟುಕೊಳ್ಳುತ್ತಾರೆ ಅದರಲ್ಲಿ — ಸಾಸಿವೆಗಿಂತ ಸಣ್ಣವು, ಸೂಜಿಗಿಂತ ಚೂಪು. ಮದುವೆಯಾದ ಹೊಸದರಲ್ಲಿ ಕೈ ಹಾಕಿ ಉಗುರಿನೊಳಗೆ ಚುಚ್ಚಿಕೊಂಡಿದ್ದೆ. ಸಾಹೇಬರು ಅವತ್ತು ನನ್ನ ಬೆರಳು ಹಿಡಿದುಕೊಂಡು, "ಈ ಜೇಬಿಗೆ ಮಾತ್ರ ನೀನು ಕೈ ಹಾಕಬೇಡ. ನಾನೇ ಖಾಲಿ ಮಾಡಿ ಕೊಡ್ತೀನಿ" ಎಂದರು. ಹಾಗೇ ನಡೆದುಕೊಂಡು ಬಂದಿದೆ. ಗುರುವಾರ ಸಂಜೆ ಬರುವಾಗಲೇ ಕೋಟು ಖಾಲಿ ಮಾಡಿ ಬುಟ್ಟಿಗೆ ಹಾಕುತ್ತಾರೆ. ಶುಕ್ರವಾರ ಬಿಳಿ ಬಟ್ಟೆಯ ದಿನ.

ಮಾರ್ಚ್ 3, ಸೋಮವಾರ. ಮೋಡ 4/8

"ಬಂತಾ?"

"ಇಲ್ಲ ಮೇಡಂ," ಎಂದರು ಸಾಹೇಬರು.

ಮಾರ್ಚ್ 6, ಗುರುವಾರ. ಸಂಜೆ 7:30. ಮೋಡ 3/8

ಸಾಹೇಬರು ಒಂದು ಗಂಟೆ ಮುಂಚೆಯೇ ಮನೆಗೆ! ಕೈಯಲ್ಲಿ ಐಸ್‌ಕ್ರೀಂ ಡಬ್ಬ. ಯಾಕೆ ಎಂದರೆ, "ಸುಮ್ಮನೆ. ಹೆಂಡ್ತಿಗೆ ಐಸ್‌ಕ್ರೀಂ ತರೋದಕ್ಕೂ ಕಾರಣ ಕೊಡಬೇಕಾ?" ಎಂದರು. ಮೂರೂ ಜನ ಡಬ್ಬದಿಂದಲೇ ತಿಂದೆವು. ಅತ್ತೆಯ ಚಮಚಕ್ಕೂ ನನ್ನ ಚಮಚಕ್ಕೂ ಯುದ್ಧ.

"ಬಂತಾ?"

"ಎಲ್ಲಿ, ಇಲ್ವಲ್ಲ."

"ಪೋಸ್ಟ್‌ಮ್ಯಾನ್ ರಜೆ ಹಾಕಿದಾರೋ ಏನೋ."

"ಇರಬಹುದು."

ಕೋಟು ಬುಟ್ಟಿಗೆ ಹಾಕಲಿಲ್ಲ. ಗುಂಡಿ ಸಡಿಲವಾಗಿದೆ, ಭಾನುವಾರ ಅಮ್ಮ ಹೊಲಿದ ಮೇಲೆ ಒಗೆದರಾಯಿತು ಎಂದು ಬಾಗಿಲ ಹಿಂದಿನ ಮೊಳೆಗೆ ತಗುಲಿಹಾಕಿದರು.

ಮಾರ್ಚ್ 9, ಭಾನುವಾರ. ಮೋಡ 6/8

ಸಾಹೇಬರು ತಲೆಕೂದಲು ಕತ್ತರಿಸಿಕೊಳ್ಳಲು ಹೋಗಿದ್ದರು. ಅತ್ತೆ ಕಿಟಕಿಯ ಹತ್ತಿರ ಕೂತು ಕೋಟಿಗೆ ಗುಂಡಿ ಹಾಕುತ್ತಿದ್ದರು. ನಾನು ಅಲ್ಲೇ ನೆಲದ ಮೇಲೆ ಕೂತು ಹಾಸ್ಟೆಲ್‌ಗೆ ಏನೇನು ಒಯ್ಯಬೇಕು ಎಂದು ಪಟ್ಟಿ ಮಾಡುತ್ತಿದ್ದೆ. ಬಕೆಟ್ ಬೇಕಾ, ಅಲ್ಲೇ ಕೊಡ್ತಾರಾ, ಸ್ವೆಟರ್ ಒಂದಾ ಎರಡಾ… ಬಾಯಿ ಮುಚ್ಚಲೇ ಇಲ್ಲ. ಎಷ್ಟೋ ಹೊತ್ತಿನ ಮೇಲೆ ನೋಡಿದರೆ ಅತ್ತೆಯ ಕಣ್ಣು ಕೋಟಿನ ಮೇಲೆಯೇ ಇದೆ. ಸೂಜಿ ಹಾಗೇ ಗಾಳಿಯಲ್ಲಿ ನಿಂತಿದೆ.

"ನಿನ್ನ ಆರ್ಡರು ಬಂತೇನೇ?"

"ಇಲ್ಲ ಅತ್ತೆ. ಬಂದಿದ್ರೆ ಊರಿಗೆಲ್ಲ ಗೊತ್ತಾಗ್ತಿತ್ತು."

"ಹೂಂ," ಎಂದರು. ದಾರವನ್ನು ಹಲ್ಲಿನಲ್ಲೇ ಕಚ್ಚಿ ಕಡಿದರು. ಮಂಡಿ ನೋವು ಇರಬೇಕು ಇವತ್ತು. ಬೇಗ ಮಲಗಿದರು.

ಮಾರ್ಚ್ 10, ಸೋಮವಾರ. ರಾತ್ರಿ 10:00. ಮೋಡ 7/8

ಮೆಷಿನ್ ಕೈ ಕೊಟ್ಟಿತು!!

ಬೆಳಗ್ಗೆ ಬಿಳಿ ಬಟ್ಟೆ ಹಾಕಿದೆ — ಬೆಡ್‌ಶೀಟು, ಟವೆಲುಗಳು, ಮೊಳೆಯ ಮೇಲಿದ್ದ ಸಾಹೇಬರ ಕೋಟು. ಗುಂಡಿ ಹಾಕಿ ಆಗಿತ್ತಲ್ಲ. ಹೊರಜೇಬು ಎರಡೂ ತಡಕಿದೆ, ಏನೂ ಇರಲಿಲ್ಲ. ಒಳಜೇಬು ಮುಟ್ಟಲಿಲ್ಲ, ಅದು ಅವರ ಇಲಾಖೆ. ಅರವತ್ತು ಡಿಗ್ರಿ. ಒಂದು ಗಂಟೆಯ ಮೇಲೆ ಬಂದು ನೋಡಿದರೆ ಗಾಜಿನ ಬಾಗಿಲ ಅರ್ಧದವರೆಗೆ ನೀರು. ತಿರುಗುವುದೂ ಇಲ್ಲ, ನೀರು ಬಿಡುವುದೂ ಇಲ್ಲ. ಮೂರು ದೀಪ ಮಿಣುಕ್ ಮಿಣುಕ್. ಬಾಗಿಲು ಲಾಕ್. ಬಟ್ಟೆಗಳೆಲ್ಲ ಅಕ್ವೇರಿಯಂ ಮೀನುಗಳ ಹಾಗೆ ತೇಲುತ್ತಿದ್ದವು.

ಸಾಹೇಬರು ಸಂಜೆ ಬಂದು ಮೊದಲು ಮೊಳೆ ನೋಡಿದರು.

"ಕೋಟು ಎಲ್ಲಿ?"

"ಈಜ್ತಾ ಇದೆ," ಎಂದೆ. ನಗುತ್ತಾರೆ ಎಂದುಕೊಂಡೆ.

ಮುಖ ಸುಣ್ಣ ಬಳಿದಂತಾಯಿತು. ಒಂದು ಕೋಟಿಗೆ ಇಷ್ಟಾ! ಶೂ ಕೂಡ ಬಿಚ್ಚದೆ ಮೆಷಿನ್ ಮುಂದೆ ಕೂತುಬಿಟ್ಟರು. ಹಿಂದಿನ ಪೈಪ್ ಕಿತ್ತು ನೆಲದ ಬಕೆಟ್‌ಗೆ ಇಳಿಬಿಟ್ಟರು. ದಾರದಷ್ಟು ಸಣ್ಣಗೆ ನೀರು. ಎರಡು ಗಂಟೆ ಹಿಡಿಯಿತು. ಬಾಗಿಲು ತೆಗೆದರೆ ಬಟ್ಟೆಯ ಮೇಲೆಲ್ಲ ಬಿಳಿ ಬಿಳಿ ಚೂರು, ಬೆಡ್‌ಶೀಟಿಗೆ ತಲೆಹೊಟ್ಟು ಆದ ಹಾಗೆ.

"ಇದೇನು?"

"ಲೆನ್ಸ್ ಒರೆಸೋ ಪೇಪರು. ಒಂದು ಕಟ್ಟು ಜೇಬಲ್ಲೇ ಉಳಿದುಬಿಟ್ಟಿತ್ತು. ನನ್ನದೇ ತಪ್ಪು."

ಕೋಟನ್ನು ಮಾತ್ರ ಅವರೇ ಬಚ್ಚಲಿಗೆ ಒಯ್ದು, ಬಾಗಿಲು ಹಾಕಿಕೊಂಡು ಕೈಯಲ್ಲಿ ಒಗೆದರು. ಎಷ್ಟು ಜನ ಗಂಡಸರು ತಪ್ಪು ಒಪ್ಪಿಕೊಂಡು ಬಟ್ಟೆ ಒಗೆಯುತ್ತಾರೆ? ಗೆಳತಿಯರ ಗ್ರೂಪ್‌ಗೆ ಮೆಸೇಜ್ ಹಾಕಿದೆ. ಹನ್ನೊಂದು ಹಾರ್ಟ್ ಬಂದವು.

ಮಾರ್ಚ್ 12, ಬುಧವಾರ. ಮೋಡ 5/8

ಕನ್ನಡಕದ ಸ್ಕ್ರೂಡ್ರೈವರ್ ಹಿಡಿದುಕೊಂಡು ವಾಷಿಂಗ್ ಮೆಷಿನ್ ಮುಂದೆ ಕೂತ ಗಂಡನ ಫೋಟೋ ತೆಗೆದೆ. ಇರುವೆ ಚಿಮಟ ಹಿಡಿದು ಆನೆಯ ಹಲ್ಲು ಕೀಳಲು ಬಂದ ಹಾಗಿದೆ. ಪೈಪಿನಲ್ಲಿ ತಂತಿ ಹಾಕಿದರು, ಸಿಂಕಿನ ಕೆಳಗಿನ ಬಾಗಿದ ಪೈಪು ಬಿಚ್ಚಿ ತೊಳೆದರು. ಮತ್ತೆ ನೀರು ತುಂಬಿಸಿ ಓಡಿಸಿದರೆ ಅದೇ ಕಥೆ — ಗುರ್ ಎನ್ನುತ್ತದೆ, ನೀರು ಜಪ್ಪಯ್ಯ ಎಂದರೂ ಇಳಿಯುವುದಿಲ್ಲ.

"ಮೆಕ್ಯಾನಿಕ್ ಕರೆಯೋಣ."

"ಹೇಳಿದೀನಿ. ಪಂಪ್ ಸುಟ್ಟಿರಬೇಕು ಅಂದ್ರು. ಪಾರ್ಟ್ ಬರಬೇಕಂತೆ. ಅಲ್ಲಿವರೆಗೂ ನೀನು ಅದನ್ನ ಮುಟ್ಟಬೇಡ, ಶಾಕ್ ಹೊಡೆದೀತು."

ನನ್ನ ಮೇಲೆ ಎಷ್ಟು ಕಾಳಜಿ. ಮೂವರ ಬಟ್ಟೆಯೂ ಬಕೆಟ್‌ನಲ್ಲಿ. ರಟ್ಟೆ ಬಿದ್ದುಹೋಗಿದೆ.

"ಬಂತಾ?"

ತಲೆಯಾಡಿಸಿದರು. ಬಾಯಲ್ಲಿ ಹೇಳುವುದನ್ನೂ ಬಿಟ್ಟರು. ನನ್ನಷ್ಟೇ ಬೇಜಾರಾಗಿದೆ ಅವರಿಗೂ.

ಮಾರ್ಚ್ 15, ಶನಿವಾರ. ಮೋಡ 8/8

ಪಟ್ಟಿಯ ಹದಿನೇಳನೆಯವಳ ನಂಬರ್ ಇಂಟರ್‌ವ್ಯೂ ದಿನ ತೆಗೆದುಕೊಂಡಿದ್ದೆ. ಇವತ್ತು ಫೋನ್ ಮಾಡಿದೆ. ಅವಳಿಗೆ ಆರ್ಡರ್ ಬಂದು ವಾರವಾಗಿದೆಯಂತೆ. ಸಾಹೇಬರಿಗೆ ಹೇಳಿದರೆ, "ಒಂದೊಂದು ಊರಿಗೆ ಒಂದೊಂದು ದಿನ ತಲುಪುತ್ತೆ. ನಾನಿದೀನಲ್ಲ, ಬಂದ ತಕ್ಷಣ ಫೋನ್ ಮಾಡ್ತೀನಿ" ಎಂದು ತಲೆ ಸವರಿದರು.

ಸವರಿಸಿಕೊಂಡೆ. ಸಮಾಧಾನವೂ ಆಯಿತು.

ಮಾರ್ಚ್ 18, ಮಂಗಳವಾರ. ಬೆಳಗ್ಗೆ 9:40. ಮೋಡ 3/8

ಅತ್ತೆ ಇವತ್ತು ಹೊಲಿಗೆ ಶಾಲೆಗೆ ಲೇಟು. ಚಪ್ಪಲಿ ಹಾಕಿಕೊಂಡು ಬಾಗಿಲವರೆಗೆ ಹೋದವರು ವಾಪಸ್ ಬಂದರು. ನಾನು ಬಕೆಟ್ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಸಾಹೇಬರ ಪ್ಯಾಂಟಿಗೆ ಬ್ರಷ್ ಹಾಕುತ್ತಿದ್ದೆ.

"ಬಿಡು ಅದನ್ನ. ಮೆಷಿನ್ ನೀನೇ ಬಿಚ್ಚಿ ನೋಡು."

"ಮೆಕ್ಯಾನಿಕ್ ಬರ್ತಾನಂತಲ್ಲ ಅತ್ತೆ."

"ಅವನು ಮೆಕ್ಯಾನಿಕ್‌ಗೆ ಹೇಳಿಲ್ಲ." ಮುಖ ನೋಡದೆ ಹೇಳಿದರು. "ಕೆಳಗೆ ಬಲಗಡೆ ಒಂದು ಸಣ್ಣ ಬಾಗಿಲಿದೆ. ಚಮಚದ ಹಿಡಿಯಲ್ಲಿ ಮೀಟಿದ್ರೆ ಬರುತ್ತೆ. ಸೆರಗಿನ ಪಿನ್ನು ಬಿದ್ದಾಗ ನಾನೇ ಎಷ್ಟೋ ಸಲ ತೆಗೆದಿದೀನಿ."

"ಮತ್ತೆ ಅವರಿಗೆ ಯಾಕೆ ಹೇಳಲಿಲ್ಲ ನೀವು?"

"ನೀನೇ ನೋಡು," ಎಂದು ಹೊರಟೇಬಿಟ್ಟರು. ಗೇಟು ಕೂಡ ಹಾಕಲಿಲ್ಲ.

ಏನಾಗಿದೆ ಇವರಿಗೆ. ಸರಿ — ಟ್ಯೂಷನ್‌ಗೆ ಇನ್ನೂ ಎರಡು ಗಂಟೆಯಿದೆ. ಮ್ಯಾನುಯಲ್ ಸಿಕ್ಕಿತು. ಸಾಹೇಬರು ಬರುವುದರೊಳಗೆ ರಿಪೇರಿ ಮಾಡಿ ಬೆರಗಾಗಿಸುತ್ತೇನೆ.

11:30

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಪ್ಲಗ್ ತೆಗೆದೆ. ಚಮಚದ ಹಿಡಿಯಿಂದ ಮೀಟಿದೆ. ಸಣ್ಣ ಬಾಗಿಲು ಬಂತು. ಒಳಗೆ ಬೆರಳು ದಪ್ಪದ ಕಪ್ಪು ಪೈಪು, ತುದಿಗೆ ಬಿರಡೆ. ಪಕ್ಕದಲ್ಲಿ ಕೈಯಲ್ಲಿ ಹಿಡಿದು ತಿರುಗಿಸುವ ದೊಡ್ಡ ಮುಚ್ಚಳ. ಮೊದಲು ಪೈಪಿನಿಂದ ನೀರು ಇಳಿಸಬೇಕು, ಆಮೇಲೇ ಮುಚ್ಚಳ ಎಂದು ಮ್ಯಾನುಯಲ್‌ನಲ್ಲಿದೆ. ಬಕೆಟ್ ಹಿಡಿಯುವಷ್ಟು ಎತ್ತರವಿಲ್ಲ. ಊಟದ ತಟ್ಟೆ ಇಟ್ಟೆ. ತಟ್ಟೆ ತುಂಬುವುದು, ಬಿರಡೆ ಹಾಕುವುದು, ಚೆಲ್ಲಿ ಬರುವುದು. ಇಪ್ಪತ್ತೆರಡು ತಟ್ಟೆ. ನೀರು ಬೂದಿ ಬಣ್ಣ, ನಾಯಿ ನೆಂದ ವಾಸನೆ.

ಮುಚ್ಚಳವನ್ನು ಎಡಕ್ಕೆ ತಿರುಗಿಸಿದೆ. ಉಳಿದ ನೀರು ಮಂಡಿಯ ಮೇಲೆ ಬಂತು. ಜಾಲರಿಯನ್ನು ಹೊರಗೆ ಎಳೆದೆ. ಕೂದಲು, ದಾರ. ಸಾಸಿವೆಯಂಥ ಎರಡು ಸ್ಕ್ರೂ. ಕಾಗದದ ಮುದ್ದೆ — ಕಲಸಿಟ್ಟ ಹಿಟ್ಟಿನ ಹಾಗೆ, ಒಂದು ಹಿಡಿಯಷ್ಟು. ಲೆನ್ಸ್ ಪೇಪರ್ ಎಂದುಕೊಂಡೆ. ಆದರೆ ಮುದ್ದೆಯೊಳಗೆ ಅಲ್ಲಲ್ಲಿ ನೇರಳೆ ಬಣ್ಣ, ರಬ್ಬರ್ ಸ್ಟ್ಯಾಂಪಿನ ಮಸಿಯಂಥದ್ದು.

ಟಾರ್ಚ್ ಹಾಕಿ ಒಳಗೆ ನೋಡಿದೆ. ನೀರು ಹೊರಗೆ ತಳ್ಳುವ ಸಣ್ಣ ಚಕ್ರಕ್ಕೆ ಏನೋ ಸುತ್ತಿಕೊಂಡಿತ್ತು. ಸಾಹೇಬರ ಚಿಮಟದಿಂದ ಎಳೆದೆ. ಪ್ಲಾಸ್ಟಿಕ್‌ನಂಥ ಸ್ಟಿಕರು. ಬಿಡಿಸಿದೆ. ಗೆರೆಗೆರೆಯ ಬಾರ್‌ಕೋಡು. ಕೆಳಗೆ ಇಂಗ್ಲಿಷ್‌ನಲ್ಲಿ ನನ್ನ ಹೆಸರು.

ಮೊದಲು ನಗು ಬಂತು. ಮೆಷಿನ್ ಒಳಗೆ ನನ್ನ ಹೆಸರು ಯಾಕಿದೆ? ಇನಿಷಿಯಲ್ ಕೂಡ ಮದುವೆಗೆ ಮುಂಚಿನದು, ಸರ್ಟಿಫಿಕೇಟಿನಲ್ಲಿ ಇರುವಂಥದ್ದು. ಅದರ ಕೆಳಗೆ ಕೇರ್ ಆಫ್. ಅಂಗಡಿಯ ವಿಳಾಸ. ಅದರ ಕೆಳಗೆ — ಕಳಿಸಿದವರು, ಹವಾಮಾನ ಕಚೇರಿ.

ಎಷ್ಟೋ ಹೊತ್ತು ನೀರಿನಲ್ಲೇ ಕೂತಿದ್ದೆ.

ನಾನೇ ಒಗೆದೆ. ಅರವತ್ತು ಡಿಗ್ರಿಯಲ್ಲಿ. ಆ ಜೇಬಿಗೆ ಕೈ ಹಾಕಬಾರದು ಎಂದು ಹೇಳಿದ್ದರಿಂದ ಹಾಕಲಿಲ್ಲ.

ರಾತ್ರಿ 9:00. ಟ್ಯೂಷನ್‌ಗೆ ಹೋಗಲಿಲ್ಲ

ಅವನು ಆರೂವರೆಗೆ ಬಂದ. ಸ್ಟಿಕರನ್ನು ಒಣಗಿದ ತಟ್ಟೆಯಲ್ಲಿಟ್ಟು ಊಟದ ಮೇಜಿನ ಮೇಲೆ ಇಟ್ಟಿದ್ದೆ. ನೋಡಿದ. ಶೂ ಬಿಚ್ಚಲು ಬಗ್ಗಿದವನು ಬಹಳ ಹೊತ್ತು ಏಳಲೇ ಇಲ್ಲ.

"ಮೆಷಿನ್ ಸರಿಹೋಯ್ತು," ಎಂದೆ.

"ಯಾರು ಬಂದಿದ್ರು?"

"ಯಾರೂ ಇಲ್ಲ. ನಾನೇ."

ಬಂದು ಕೂತ. ತಟ್ಟೆಯನ್ನು ಸ್ವಲ್ಪ ಆಚೆ ತಳ್ಳಿದ, ಊಟ ಸಾಕು ಎನ್ನುವವರ ಹಾಗೆ.

"ಕೊಡೋಣ ಅಂತಲೇ ಇದ್ದೆ."

"ಯಾವತ್ತು?"

"ಒಂದೆರಡು ದಿನ ಬಿಟ್ಟು. ಬಂದ ದಿನವೇ ಕೊಡೋಣ ಅಂತ ಬೇಗ ಬಂದೆ. ನೀನು ಐಸ್‌ಕ್ರೀಂ ತಿಂತಾ ನಗ್ತಾ ಇದ್ದೆ. ಇದೆಲ್ಲ ಮುಗಿದುಹೋಗುತ್ತೆ ಅನ್ನಿಸ್ತು. ಇನ್ನೆರಡು ದಿನ ಇರಲಿ ಅಂತ… ಆಮೇಲೆ ನೀನು ಕೋಟು ಒಗೆದುಬಿಟ್ಟೆ."

ನಾನು. ನಾನು ಒಗೆದುಬಿಟ್ಟೆ.

"ಅವತ್ತೇ ಹೇಳಬಹುದಿತ್ತು. ಒಗೆದುಹೋಯ್ತು, ಇನ್ನೊಂದು ಕಾಪಿ ಕೇಳೋಣ ಅಂತ."

"ಹೇಳಿದ್ರೆ, ನಾಲ್ಕು ದಿನ ಯಾಕೆ ಇಟ್ಕೊಂಡಿದ್ದೆ ಅಂತ ಕೇಳ್ತಿದ್ದೆ."

"ಕೇಳ್ತಿದ್ದೆ."

"ಅದಕ್ಕೇ."

"ಯಾವತ್ತು ಹಾಜರಾಗಬೇಕು ಅಂತ ಇತ್ತು ಅದರಲ್ಲಿ?"

ಕನ್ನಡಕ ತೆಗೆದು ಒರೆಸತೊಡಗಿದ. ಗಾಜು ಚೆನ್ನಾಗಿಯೇ ಇತ್ತು.

"ನೆನಪಿಲ್ಲ."

ಅದೂ ಸುಳ್ಳು. ಗಿರಾಕಿಗಳ ನಂಬರನ್ನೆಲ್ಲ ಎರಡು ವರ್ಷವಾದರೂ ಬಾಯಲ್ಲೇ ಹೇಳುವವನು.

"ಅಪ್ಲಿಕೇಶನ್ ತುಂಬಿದ್ದು ನೀನು. ಫೋಟೋ ಅಂಟಿಸಿದ್ದು ನೀನು. ಪರೀಕ್ಷೆ ದಿನ ಮೂರು ಗಂಟೆ ಹೊರಗೆ ನಿಂತಿದ್ದೆ. ಬೇಡ ಅನ್ನೋದಾದ್ರೆ ಆಗಲೇ ಅನ್ನಬಹುದಿತ್ತಲ್ಲ."

"ಎರಡು ಸಾವಿರ ಜನ ಬರೀತಾರೆ," ಎಂದ. ಒಳ್ಳೆಯ ಮಾತು ಹೇಳುವವನ ಹಾಗೆ, ಮೆಲ್ಲಗೆ. "ನೀನು ಪಾಸಾಗ್ತೀಯ ಅಂತ ನಾನೆಲ್ಲಿ ಅಂದ್ಕೊಂಡಿದ್ದೆ."

ಮುಂದೆ ಏನು ಮಾತಾಡಿದೆವೋ ಬರೆಯಲಾರೆ. ಅತ್ತೆ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅದೇ ಒಂದು ಪಾತ್ರೆ ತೊಳೆಯುತ್ತಲೇ ಇದ್ದರು.

ಕಾಗದ ಇನ್ನೊಂದು ಬರಬಹುದು. ಆ ಮೂರು ಗಂಟೆ ಬಿಸಿಲಿನಲ್ಲಿ ನಿಂತಿದ್ದವನು ನಾನು ಫೇಲಾಗಲಿ ಎಂದು ಕಾಯುತ್ತಿದ್ದ.

ಮಾರ್ಚ್ 19, ಬುಧವಾರ. ಬೆಳಗ್ಗೆ 10:30

ಮೋಡ ನೋಡಲಿಲ್ಲ.

ಹಿಂದಿನ ಪುಟಗಳನ್ನು ಓದಿದೆ. ಐಸ್‌ಕ್ರೀಂ. 'ಮುಖ ಸುಣ್ಣ ಬಳಿದಂತಾಯಿತು.' ಬಾಗಿಲು ಹಾಕಿಕೊಂಡು ಒಗೆದದ್ದು. ಎಲ್ಲವನ್ನೂ ಸರಿಯಾಗಿಯೇ ನೋಡಿದ್ದೇನೆ, ಒಂದೂ ಬಿಟ್ಟಿಲ್ಲ, ಎಲ್ಲದಕ್ಕೂ ಪಕ್ಕದಲ್ಲಿ ಒಂದು ಮುದ್ದು ಮಾತು ಬರೆದಿದ್ದೇನೆ. ಆ ಹನ್ನೊಂದು ಹಾರ್ಟ್‌ಗಳಿಗೆ ಈಗ ಏನು ಹೇಳಲಿ?

ಹತ್ತಕ್ಕೆ ಹವಾಮಾನ ಕಚೇರಿಗೆ ಫೋನ್ ಮಾಡಿದೆ. ಒಬ್ಬ ಹೆಂಗಸು ತೆಗೆದುಕೊಂಡರು. ಕ್ಲರ್ಕ್ ಇರಬೇಕು. ನಂಬರ್ ಹೇಳಿದೆ.

"ನಿಮ್ಮದು ಮೂರನೇ ತಾರೀಖು ಕಳಿಸಿದೀವಲ್ಲ. ಆರಕ್ಕೆ ಡೆಲಿವರಿ ಆಗಿದೆ. ಸಹಿ ಇದೆ."

"ಯಾರ ಸಹಿ ಮೇಡಂ?"

ಕಾಗದ ಮಗುಚುವ ಸದ್ದು. "ಸಹಿ ಓದೋಕಾಗಲ್ಲ. ಸಂಬಂಧ ಅಂತ ಇರೋ ಕಡೆ 'ಗಂಡ' ಅಂತ ಬರೆದಿದಾರೆ. ಮುತ್ತಿನಂಥ ಅಕ್ಷರ."

"ಹೌದು," ಎಂದೆ.

"ಯಾಕಮ್ಮ, ಕಳೆದುಹೋಯ್ತಾ ಆರ್ಡರು?"

"ಇಲ್ಲ. ವಾಷಿಂಗ್ ಮೆಷಿನ್‌ಗೆ ಹಾಕಿಬಿಟ್ಟೆ."

ಆಚೆ ಕಡೆ ನಗು. "ನನ್ನ ಯಜಮಾನ್ರ ಪಾಸ್‌ಪೋರ್ಟ್ ಹೀಗೇ ಒಗೆದಿದ್ದೆ ನಾನು. ಹೆದರ್ಕೋಬೇಡಿ. ಸೋಮವಾರ ಇಪ್ಪತ್ತನಾಲ್ಕು, ಬೆಳಗ್ಗೆ ಹತ್ತಕ್ಕೆ ಹಾಜರಾಗಬೇಕು. ಒರಿಜಿನಲ್ ಸರ್ಟಿಫಿಕೇಟು, ಗುರುತಿನ ಚೀಟಿ ತನ್ನಿ, ಇಲ್ಲೇ ಇನ್ನೊಂದು ಕಾಪಿ ಕೊಡ್ತೀನಿ. ಹತ್ತೂಕಾಲಾದ್ರೆ ಮಾತ್ರ ನಿಮ್ಮ ಸೀಟು ವೇಯ್ಟಿಂಗ್ ಲಿಸ್ಟಿನವರಿಗೆ ಹೋಗುತ್ತೆ. ನನ್ನನ್ನ ಬೈಕೋಬೇಡಿ ಆಮೇಲೆ."

ಐದು ದಿನ. ಮೆಷಿನ್ ಇನ್ನೊಂದು ವಾರ ಹಾಗೇ ಕೂತಿದ್ದರೆ ಮುಗಿಯುತ್ತಿತ್ತು. ಪಾರ್ಟ್ ಬರಬೇಕು, ಮುಟ್ಟಬೇಡ, ಶಾಕ್ ಹೊಡೆದೀತು.

ಮಾರ್ಚ್ 21, ಶುಕ್ರವಾರ. ಮಧ್ಯಾಹ್ನ 4:00. ಮೋಡ 5/8

ಟ್ಯೂಷನ್ ಸೆಂಟರ್ ಬಿಟ್ಟೆ. ಮಕ್ಕಳು ಮೋಡದ ಚಿತ್ರ ಬರೆದುಕೊಟ್ಟರು, ಎಲ್ಲದಕ್ಕೂ ಕಣ್ಣು ಮೂಗು.

ಅತ್ತೆ ಇವತ್ತು ಹೊಲಿಗೆ ಶಾಲೆಗೆ ಹೋಗಲಿಲ್ಲ. ನಾನು ಬಟ್ಟೆ ಮಡಿಸುತ್ತಿದ್ದ ಕೋಣೆಯ ಹೊಸ್ತಿಲ ಆಚೆಯೇ ನಿಂತಿದ್ದರು. ಒಳಗೆ ಬರಲಿಲ್ಲ.

"ಎರಡು ಸ್ವೆಟರ್ ಇಟ್ಕೋ. ಅಲ್ಲಿ ಚಳಿ."

ನಾನು ಮಡಿಸುತ್ತಲೇ ಇದ್ದೆ.

"ಗುಂಡಿ ಹಾಕುವಾಗ ನೋಡಿದೆ," ಎಂದರು. "ಕೈಗೆ ದಪ್ಪಗೆ ಸಿಕ್ಕಿತು. ನಿನ್ನ ಹೆಸರು ಓದಿದೆ. ಅವನೇ ಕೊಡ್ತಾನೆ, ನಾನ್ಯಾಕೆ ಗಂಡ ಹೆಂಡ್ತಿ ಮಧ್ಯೆ ಮೂಗು ತೂರಿಸಲಿ ಅಂದ್ಕೊಂಡೆ. ಮಾರನೇ ದಿನ ಬಂದು ನೋಡಿದ್ರೆ ಬಟ್ಟೆ ತುಂಬಾ ಕಾಗದದ ಚೂರು."

"ನಿಮ್ಮ ಮುಂದೆ ನೆಲದ ಮೇಲೆ ಕೂತಿದ್ದೆ ಅತ್ತೆ. ಬಕೆಟ್ ಒಯ್ಯಲಾ ಬೇಡವಾ ಅಂತ ಕೇಳ್ತಾ ಇದ್ದೆ."

"ಹೌದು."

"ಲೆಟರ್ ಬಂತಾ ಅಂತ ನನ್ನನ್ನೇ ಕೇಳಿದ್ರಿ."

ಸೆರಗಿನ ತುದಿ ಸುತ್ತಿದರು, ಬಿಚ್ಚಿದರು. "ಎಂಟು ದಿನ ನಿದ್ದೆ ಬರಲಿಲ್ಲ. ಹೆತ್ತ ಮಗನ ಮೇಲೆ ಬಾಯಿಬಿಟ್ಟು ಹೇಳೋಕಾಗಲಿಲ್ಲ ನನಗೆ. ಅದಕ್ಕೇ ಆ ಬಾಗಿಲು ತೋರಿಸಿದೆ."

ತೋರಿಸಿದರು. ನಿಜ. ಅವರು ತೋರಿಸದಿದ್ದರೆ ನಾನು ಇವತ್ತೂ ಬಕೆಟ್ ಮುಂದೆ ಕೂತು ಅವನ ಪ್ಯಾಂಟು ಉಜ್ಜುತ್ತಿದ್ದೆ. ಗೊತ್ತಿದೆ ನನಗೆ. ಆದರೂ ಆ ಎಂಟು ದಿನ ನಾನು ಅವರ ಬ್ಲೌಸುಗಳನ್ನೂ ಒಗೆದೆ. ಬಾಯಲ್ಲಿ ಹೇಳಬಹುದಿತ್ತು.

ಸ್ವೆಟರ್ ಎರಡೂ ಇಟ್ಟುಕೊಂಡೆ.

ರಾತ್ರಿ 8:15

ಕೋಟು ಮೊಳೆಯ ಮೇಲಿದೆ. ಒಳಜೇಬು ಇಲ್ಲ. ಅತ್ತೆ ಬಿಚ್ಚಿ ತೆಗೆದಿದ್ದಾರೆ. ಹೊಲಿಗೆಯ ತೂತುಗಳ ಸಾಲು ಮಾತ್ರ ಚೌಕವಾಗಿ ಉಳಿದಿದೆ.

ಅವನು ಬಂದು ನೋಡಿದ. ಸ್ಕ್ರೂಗಳನ್ನು ಜೇಬಿನ ಡಬ್ಬಿಗೆ ಸುರಿದ. ಆಮೇಲೆ ನನ್ನ ಸೂಟ್‌ಕೇಸಿನ ಪಕ್ಕದಲ್ಲಿ ಕೂತು, ಅದರ ಚಕ್ರ ಸಡಿಲವಾಗಿದೆ ಎಂದು ಸ್ಕ್ರೂಡ್ರೈವರ್ ತೆಗೆದ.

"ಬಿಡು," ಎಂದೆ.

"ದಾರೀಲಿ ಕಿತ್ಕೊಂಡು ಬಂದ್ರೆ?"

"ಬಂದ್ರೆ ನಾನು ನೋಡ್ಕೋತೀನಿ."

"ನಾನೂ ಬರ್ತೀನಿ. ಬಿಟ್ಟು ಬರ್ತೀನಿ ಅಷ್ಟೇ. ಹಾಸ್ಟೆಲ್ ಗೇಟಿನವರೆಗೆ."

"ಬೇಡ."

"ಶನಿವಾರ?"

ಸೂಟ್‌ಕೇಸಿನ ಜಿಪ್ ಎಳೆದೆ. ಸುಳ್ಳು ಹೇಳಲು ಇಷ್ಟವಿರಲಿಲ್ಲ, ನಿಜ ಏನು ಎಂದು ನನಗೂ ಗೊತ್ತಿರಲಿಲ್ಲ. ಅವನ ಕುತ್ತಿಗೆಯ ಹಿಂದೆ ಕ್ಷೌರದವನು ಒಂದು ಕಡೆ ಕೂದಲು ಬಿಟ್ಟಿದ್ದಾನೆ. ಹತ್ತು ದಿನದ ಹಿಂದೆ ಆಗಿದ್ದರೆ ಕತ್ತರಿ ತಂದು ಸರಿ ಮಾಡುತ್ತಿದ್ದೆ, ನಡುವೆ ನಾಲ್ಕು ಸಲ ಕಚಗುಳಿ ಇಡುತ್ತಿದ್ದೆ. ಕೈ ಹಾಗೇ ಮುಂದೆ ಹೋಯಿತು ಕೂಡ. ವಾಪಸ್ ತೆಗೆದುಕೊಂಡೆ.

ಮಾರ್ಚ್ 22, ಶನಿವಾರ. ಬೆಳಗ್ಗೆ 10:15. ಮೋಡ 1/8

ಬೆಳಗ್ಗೆ ನನ್ನ ಬಟ್ಟೆಗಳನ್ನು ಕೊನೆಯ ಸಲ ಮೆಷಿನ್‌ಗೆ ಹಾಕಿದೆ. ನನ್ನವು ಮಾತ್ರ. ನೀರು ತುಂಬಿತು, ತಿರುಗಿತು, ಗುರ್ ಎಂದಿತು, ಗಟಗಟ ಇಳಿಯಿತು. ಎಷ್ಟು ಸುಲಭ. ಅದಕ್ಕೆ ಬೇಕಾಗಿದ್ದದ್ದು ಇಷ್ಟೇ.

ಸ್ಟಿಕರನ್ನು ಡೈರಿಯ ಹಿಂದಿನ ರಟ್ಟಿಗೆ ಅಂಟಿಸಿದ್ದೇನೆ. ಗೋಂದು ಹೋಗಿತ್ತು, ಟೇಪ್ ಹಾಕಿದೆ.

ಕ್ಲರ್ಕ್ ಮೇಡಂ ಫೋನಿಗೆ ಹಾಸ್ಟೆಲ್ ಫಾರಂ ಕಳಿಸಿದ್ದಾರೆ. ತುಂಬಿ ಮಧ್ಯಾಹ್ನದೊಳಗೆ ವಾಪಸ್ ಕಳಿಸಬೇಕು. ಭಾನುವಾರ ಗೇಟಿಗೆ ಬೀಗವಂತೆ, ಯಾವ ರೈಲು ಅಂತ ತಿಳಿಸಿದರೆ ವಾರ್ಡನ್ ಬಂದು ತೆಗೆಯುತ್ತಾರೆ. ಅವನು ಬಾಗಿಲಲ್ಲಿ ನಿಂತು, "ನಾನು ತುಂಬಿಕೊಡಲಾ? ನನ್ನ ಅಕ್ಷರ…" ಎಂದ. ಅಷ್ಟಕ್ಕೇ ನಿಲ್ಲಿಸಿ ಅಂಗಡಿಗೆ ಹೋದ.

ಕಾಗೆ ಕಾಲಿನಂಥ ನನ್ನ ಅಕ್ಷರದಲ್ಲೇ ಇಲ್ಲಿ ಮೊದಲು ಬರೆದುಕೊಂಡು, ಆಮೇಲೆ ಅದಕ್ಕೆ ಇಳಿಸುತ್ತೇನೆ.

ಹೆಸರು: ಸರ್ಟಿಫಿಕೇಟಿನಲ್ಲಿ ಇರುವಂತೆ.

ಪತ್ರ ವ್ಯವಹಾರದ ವಿಳಾಸ: ಹಾಸ್ಟೆಲ್. ನನ್ನ ಕೈಗೇ ಕೊಡುವುದು.

ಜೊತೆಯಲ್ಲಿ ಬರುವವರು: ಇಲ್ಲ.

ಬರುವ ದಿನ ಮತ್ತು ರೈಲು: ಭಾನುವಾರ, 23, ಬೆಳಗ್ಗೆ ಆರು ಹತ್ತಕ್ಕೆ ಇಲ್ಲಿಂದ ಬಿಡುವ ಪ್ಯಾಸೆಂಜರ್.